ತಂಗಳ ನೀರು

ನಮ್ಮ ಕರಿ ಮೀನು ಮರಿ ಹಾಕಿತು. ಒಂದಲ್ಲ, ಎರಡಲ್ಲ, ಒಂಬತ್ತು ಮರಿ, ಜೀರಿಗೆ ಕಾಳಿಗೆ ಕಣ್ಣು ಬಂದಂತೆ. ಎಷ್ಟೋ ವರ್ಷದ ಹಿಂದಿನ ಮಾತು, ಬರೆಯಲು ಕುಳಿತರೆ ಈಗಲೂ ಅಷ್ಟೇ ಸಂತೋಷ. ಎರಡನೇ ಇಯತ್ತೆ ಕಲಿತವಳ ಅಕ್ಷರ, ಸೊಟ್ಟಗಾದರೆ ಆಗಲಿ.

ಆಗ ನಾನು ಖಾನಾಪುರ ಬಿಟ್ಟು ಬೆಳಗಾವಿಗೆ, ಶಹಾಪುರದ ಮಗನ ಮನೆಗೆ ಬಂದು ವರ್ಷವಾಗಿತ್ತು. ನಡುಮನೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಮೊಮ್ಮಗಳ ಹನ್ನೆರಡು ಮೀನು. ಒಂದೊಂದಕ್ಕೂ ಹೆಸರಿಟ್ಟಿದ್ದಳು. ನನ್ನ ತಾಟಿನಲ್ಲೇ ಉಣ್ಣುತ್ತ ಅವುಗಳ ಜಗಳ, ಸೊಕ್ಕು ಎಲ್ಲ ನನಗೆ ಹೇಳುತ್ತಿದ್ದಳು.

ಒಂದು ಸಂಜೆ ಗ್ರಹಣ ಹಿಡಿದು ಬಿಟ್ಟಿತು. ಗ್ರಹಣದ ನೀರು ಮನೆಯಲ್ಲಿ ಇಡಬಾರದು. ಹುಟ್ಟಿದಾಗಿನಿಂದ ನೋಡಿದ್ದು ಅದೇ. ಮರುದಿನ ನಳಕ್ಕೆ ನೀರು ಬಂದೊಡನೆ ಕೊಡ, ಹಂಡೆ ಎಲ್ಲ ಬರಿದು ಮಾಡಿ ತುಂಬಿದೆ. ಗಾಜಿನ ಪೆಟ್ಟಿಗೆಯೊಂದನ್ನು ಹೇಗೆ ಬಿಡಲಿ? ಚಹಾ ಸೋಸುವ ಜಾಲರಿಯಿಂದ ಮೀನು ಎತ್ತಿಟ್ಟು, ಪಾಚಿಯನ್ನೂ ತಳದ ಹರಳನ್ನೂ ಬೂದಿ ಹಾಕಿ ತಿಕ್ಕಿ, ಹೊಸ ನೀರು ತುಂಬಿದೆ. ಫಳಫಳ ಹೊಳೆಯಿತು. ಹುಡುಗಿ ಸಾಲೆಯಿಂದ ಬಂದು ನೋಡಿ ಖುಷಿಪಡಲಿ ಎಂದು ದಾರಿ ಕಾದೆ.

ಆಕೆ ಬರುವಷ್ಟರಲ್ಲಿ ಹನ್ನೊಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕರಿಯದೊಂದು ಮಾತ್ರ ಮೇಲೆ ಬಂದು ಬಾಯಿ ಬಡಿಯುತ್ತಿತ್ತು. ಗ್ರಹಣದ ಮಾತು ಹೇಳಿದೆ. ಆಕೆ ಅಳಲಿಲ್ಲ.

“ಖಾನಾಪುರದಾಗ ಬಾವಿ ನೀರೂ ಚೆಲ್ಲತಿದ್ದೇನ ಆಯಿ?”

ನಮ್ಮ ಬಾವಿಯಲ್ಲೂ ಮೀನಿದ್ದವು. ಅರವತ್ತು ವರ್ಷ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅಂದಿನಿಂದ ಆಕೆ ಬೇರೆ ತಾಟು ಹಿಡಿದು, ಪೆಟ್ಟಿಗೆಯ ಮುಂದೆ ನನಗೆ ಬೆನ್ನು ಮಾಡಿ ಕುಳಿತು ಉಣ್ಣತೊಡಗಿದಳು. ನನ್ನೊಡನೆ ಮಾತಿಲ್ಲ. ಉಳಿದ ಆ ಒಂದು ಜೀವ ಹೋದರೆ ಮೊಮ್ಮಗಳೂ ಹೋದಳೆಂದೇ ತಿಳಿದೆ.

ಕೋಟೆಯ ಹತ್ತಿರ ಮೀನು ಮಾರುವವನ ಅಂಗಡಿಗೆ ಬಸ್ಸಿನಲ್ಲಿ ಹೋಗಿ ತಪ್ಪೆಲ್ಲ ಹೇಳಿಕೊಂಡೆ. ನಳದ ನೀರಿಗೆ ಔಷಧ ಹಾಕಿರುತ್ತಾರೆ, ಮೀನಿಗೆ ಅದು ವಿಷ ಎಂದ. ನಾನು ತಿಕ್ಕಿ ತೆಗೆದ ಹೊಲಸೇ ನೀರನ್ನು ಹಸನಾಗಿ ಇಡುತ್ತಿತ್ತಂತೆ.

“ನೀರು ಎರಡ ದಿನ ಬಕೀಟಿನ್ಯಾಗ ತಂಗಳಾಗ್ಲಿ ಅವ್ವಾರ. ಆಮ್ಯಾಲ ಸ್ವಲ್ಪ ಸ್ವಲ್ಪ ಬದಲ ಮಾಡ್ರಿ. ಮೀನಿಗೆ ತಂಗಳ ನೀರ ಗಂಗಿ.”

ತಂಗಳ ನೀರನ್ನು ಗಿಡಕ್ಕೆ ಚೆಲ್ಲುತ್ತ ಬಂದ ಕೈ ಇದು. ಅದೇ ಕೈಯಿಂದ ಬಕೆಟ್ ತುಂಬಿ ಬಾಯಿ ತೆರೆದಿಟ್ಟೆ. ದಿನ ಬಿಟ್ಟು ದಿನ ನಾಲ್ಕು ತಂಬಿಗೆ ತೆಗೆದು ನಾಲ್ಕು ತಂಬಿಗೆ ಹಾಕಿದೆ. ಅವನು ಕೊಟ್ಟ ನೀರುಹುಲ್ಲು ಬಿಟ್ಟೆ. ಮೀನಿನ ಕಾಳು ಹೆಚ್ಚಾದರೂ ನೀರು ಕೆಡುತ್ತದೆಂದು ಚಿಟಿಕೆಯಷ್ಟೇ ಉದುರಿಸಿದೆ. ಹುಡುಗಿ ದೂರದಿಂದ ನೋಡುತ್ತಿದ್ದಳು.

ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಕೂಗಿದಳು.

“ಆಯಿ, ಬಾ ಇಲ್ಲೆ.”

ಹುಲ್ಲಿನ ನಡುವೆ ಮರಿಗಳು. ಮೊಟ್ಟೆಯಲ್ಲ, ಮರಿಯನ್ನೇ ಹಾಕುವ ಜಾತಿಯಂತೆ, ಆ ಹನ್ನೊಂದು ಇದ್ದಾಗಲೇ ಬಸಿರಾಗಿತ್ತಂತೆ. ಆಕೆ ಎಣಿಸಿದಳು, ನಾನು ಎಣಿಸಿದೆ, ಲೆಕ್ಕ ಕೂಡಲಿಲ್ಲ, ಮತ್ತೆ ಎಣಿಸಿದೆವು. ತಾಯಿ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಮಧ್ಯಾಹ್ನಕ್ಕೆ ಅದೂ ಹೋಯಿತು. ಕರಿಬೇವಿನ ಬುಡದಲ್ಲಿ, ಆ ಹನ್ನೊಂದರ ಪಕ್ಕದಲ್ಲಿ, ಇಬ್ಬರೂ ಕೂಡಿ ಹೂತೆವು. ಆಗ ಹುಡುಗಿ ಅತ್ತಳು, ತಿಂಗಳ ಹಿಂದೆ ಅಳದೆ ಉಳಿಸಿದ್ದನ್ನೂ ಸೇರಿಸಿ.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕುಳಿತೆವು. ಮೊಮ್ಮಗಳು ತಾಟು ತರಲಿಲ್ಲ. ಬಂದು ನನ್ನ ಬಾಜು ಕುಳಿತಳು. ಮಗ ತನ್ನ ಹೆಂಡತಿಗೆ ಹೇಳಿದ: “ಅವ್ವಗ ಬಿಸಿ ರೊಟ್ಟಿ ಬ್ಯಾಡ, ತಂಗಳದ್ದ ಹಾಕು. ಈಗ ತಂಗಳ ಮ್ಯಾಲ ಭಾಳ ಭಕ್ತಿ.”

ಎಲ್ಲರೂ ನಕ್ಕರು. ಹುಡುಗಿ ನನ್ನ ತಾಟಿನ ರೊಟ್ಟಿ ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಸರಿಸಿದಳು.