ಕಡಿಮೆ ಪಾಲಿನವನೇ ಮೊದಲು

ಹಿರಿಯ ಮೇಷ್ಟರ ಬಲಗಿವಿಯ ಮೇಲೆ ಸದಾ ಒಂದು ತುಂಡು ಸೀಮೆಸುಣ್ಣ ಕೂತಿರುತ್ತಿತ್ತು, ಬೇರೆಯವರು ಮೋಟುಬೀಡಿ ಸಿಕ್ಕಿಸಿಕೊಳ್ಳುವ ಹಾಗೆ. ಅರ್ಧ ಕಿವಿ ಬೆಳ್ಳಗಾದರೂ ಒರೆಸಿಕೊಳ್ಳುತ್ತಿರಲಿಲ್ಲ. ಮದ್ದೂರು ಕಡೆಯ ಆ ಮಿಡ್ಲ್ ಸ್ಕೂಲಿನಲ್ಲಿ ನಾವಿಬ್ಬರೂ ಲೆಕ್ಕದ ಮೇಷ್ಟರು. ನಾನು ಟ್ರೈನಿಂಗ್ ಮುಗಿಸಿ ಹೊಸದಾಗಿ ಬಂದವನು, ಅವರು ನನ್ನ ಅಪ್ಪನ ವಯಸ್ಸಿನವರು. ನನ್ನ ತರಗತಿಯ ಹುಡುಗರಿಗೆ ಬೀಜಗಣಿತ ತಿಳಿಯದಿದ್ದರೆ ನನ್ನನ್ನು ಕೇಳುತ್ತಿರಲಿಲ್ಲ, ಊಟದ ಬಿಡುವಿನಲ್ಲಿ ಅವರ ಹತ್ತಿರ ಓಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಮಜ್ಜಿಗೆ ಕುಡಿದರೂ ಆರದ ಉರಿ.

ಯುದ್ಧದ ಕಾಲ. ಮಂಡ್ಯದ ಹೈಸ್ಕೂಲಿಗೆ ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸಲು ಇನ್ಸ್‌ಪೆಕ್ಟರು ಬಂದರು. ಹಿರಿಯ ಮೇಷ್ಟರ ಒಬ್ಬಳೇ ಮಗಳು ಮಂಡ್ಯದ ಪಕ್ಕದ ಗುತ್ತಲಿನಲ್ಲಿದ್ದಳು. ಕೊನೆಗಾಲದಲ್ಲಿ ಅವಳ ಹತ್ತಿರ ಇರಬೇಕೆಂಬುದು ಅವರ ಆಸೆ. ಅದು ಗೊತ್ತಿದ್ದೂ ಆ ಜಾಗ ನನಗೇ ಬೇಕಿತ್ತು.

"ಮೂವತ್ತೈದು ರೂಪಾಯಿಯನ್ನು ಮೂವರು ಮಕ್ಕಳಿಗೆ ಹಂಚಿ. ಕಿರಿಯವನ ಎರಡರಷ್ಟು ನಡುವಿನವನಿಗೆ, ನಡುವಿನವನ ಎರಡರಷ್ಟು ಹಿರಿಯನಿಗೆ" ಎಂದರು ಇನ್ಸ್‌ಪೆಕ್ಟರು, ನನ್ನ ತರಗತಿಯ ಹುಡುಗರ ಮುಂದೆ. ನಾನು ಮನೆಯ ಹಿರಿಮಗ. ಊಟಕ್ಕೆ ತಟ್ಟೆ ಇಡುವುದರಿಂದ ಹಿಡಿದು ಎಲ್ಲವೂ ನನ್ನಿಂದಲೇ ಶುರುವಾಗಬೇಕು. ಅದೇ ಅಭ್ಯಾಸದಲ್ಲಿ ಹಿರಿಯನ ಪಾಲನ್ನೇ 'ಕ್ಷ' ಎಂದು ಬೋರ್ಡಿನ ಮೇಲೆ ಬರೆದೆ. ಅರ್ಧ ಬಂತು, ಕಾಲು ಬಂತು, ಕೂಡುವುದರಲ್ಲಿ ತಪ್ಪಿದೆ, ಬೆವರಿದೆ.

ಪಕ್ಕದ ತರಗತಿಯಿಂದ ಹಿರಿಯ ಮೇಷ್ಟರು ಬಾಗಿಲಿಗೆ ಬಂದರು.

"ಲೇ, ನಿಮ್ ಮೇಷ್ಟ್ರು ಬೇಕಂತ್ಲೇ ತಪ್ಪು ಬರ್ದವ್ರೆ ಕಣ್ರಲಾ, ನೀವು ಕಂಡಿಡೀತೀರೋ ಇಲ್ವೋ ಅಂತ. ಯಾರ್ಗೆ ಕಮ್ಮಿ ಬತ್ತದೋ ಅವನ್ದ 'ಕ್ಷ' ಅನ್ನಿ. ಮಿಕ್ಕೋರೆಲ್ಲ ಅವನ ಹಿಂದೆ ಬತ್ತರೆ."

ಕ್ಷ, ಎರಡು ಕ್ಷ, ನಾಲ್ಕು ಕ್ಷ. ಒಟ್ಟು ಏಳು ಕ್ಷ. ಹುಡುಗರು "ಐದು, ಹತ್ತು, ಇಪ್ಪತ್ತು" ಎಂದು ಕೂಗಿಯೇಬಿಟ್ಟರು. "ಒಳ್ಳೆ ಉಪಾಯ ಮಾಡಿದಿರಿ" ಎಂದು ಇನ್ಸ್‌ಪೆಕ್ಟರು ನನ್ನ ಬೆನ್ನು ತಟ್ಟಿದರು. ನಾನು ಕೈಮುಗಿದು ಆ ಹೊಗಳಿಕೆ ತೆಗೆದುಕೊಂಡೆ. ಮಂಡ್ಯ ನನಗಾಯಿತು. ಹಿರಿಯ ಮೇಷ್ಟರ ಮೇಲೆ ಪ್ರೀತಿ ಹುಟ್ಟಬೇಕಿತ್ತು, ಸಿಟ್ಟು ಇನ್ನೂ ಹೆಚ್ಚಾಯಿತು. ನನಗೆ ದಾನ ಕೊಡಲು ಇವರು ಯಾರು?

ಸ್ವಾತಂತ್ರ್ಯ ಬಂದ ವರ್ಷ ಅವರು ಆ ಹಳೆಯ ಸ್ಕೂಲಿನ ಊರಿನಲ್ಲೇ ತೀರಿಕೊಂಡರು. ಮಣ್ಣಿಗೆ ಹೋದೆ. ನನ್ನ ಹಳೆಯ ಶಿಷ್ಯನೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ನಾನು ಸತ್ತರೆ ಇವನು ಇಷ್ಟು ಅಳುತ್ತಾನೆಯೇ ಎಂದು ಅಲ್ಲೂ ಲೆಕ್ಕ ಹಾಕಿದೆ. ಅವನು ಕಣ್ಣೊರೆಸಿಕೊಂಡು ಹತ್ತಿರ ಬಂದ.

"ಸಾ, ಪಾಲಿನ ಲೆಕ್ಕ ಕೇಳ್ದಾಗ್ಲೆಲ್ಲ ಏನನ್ನೋರು ಗೊತ್ತಾ? 'ಕಮ್ಮಿಯೋನ್ನ ಮೊದ್ಲು ಇಡೋದು ನಿಮ್ ಮೇಷ್ಟ್ರು ತೋರ್ಸ್ಕೊಟ್ಟಿದ್ದು ಕಣ್ಲಾ, ನಂದಲ್ಲ' ಅನ್ನೋರು."

ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವುದಕ್ಕೂ ಬಿಡಲಿಲ್ಲ ಆ ಪುಣ್ಯಾತ್ಮ.