ಐಬಿಲ್ಲದ ಹೋತ

ಬ್ಯಾಡಗಿಯಲ್ಲಿ ಬಸ್ಸಿಳಿದ ಕೂಡಲೇ ನನಗೆ ಸೀನು. ಮೆಣಸಿನಕಾಯಿ ಘಾಟು ಹೊಸಬರಿಗಷ್ಟೇ ಅಂತಾರ. ಹಾವೇರಿಯಿಂದ ಓಡಾಡಿ ಓಡಾಡಿ ಮೊಣಕಾಲು ಸವೆದವು, ಮೂಗಿಗೆ ಮಾತ್ರ ರೂಢಿಯಾಗಲಿಲ್ಲ.

ಜಾನುವಾರು ರೋಗ ಪತ್ತೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬ್ಯಾಡಗಿಯ ಒಂದು ಓಣಿಯ ಆಡುಗಳಿಗೆ ಬಾಯಿಹುಣ್ಣು ಎದ್ದಾಗ, ಹುಣ್ಣಿದ್ದವು ಇಲ್ಲದವು ಎಲ್ಲದರ ಬಾಯಿಂದ ಹತ್ತಿ ಸುತ್ತಿದ ಕಡ್ಡಿಯಲ್ಲಿ ಜೊಲ್ಲು ತಂದಿದ್ದೆ. ಗಟ್ಟಿಮುಟ್ಟಾಗಿದ್ದ ಒಂದು ಹೋತದ ಜೊಲ್ಲಿನಲ್ಲಿ ಹಿಂದೆಂದೂ ನೋಡಿರದ ಬ್ಯಾಕ್ಟೀರಿಯಾ ಬೆಳೆಯಿತು. ಯಾವ ಸಕ್ಕರೆ ತಿನ್ನುತ್ತದೆ, ಎಷ್ಟು ಕಾವು ತಾಳುತ್ತದೆ ಎಂದು ನೋಡಿದೆ. ಅದರ ಡಿಎನ್‌ಎ ಓದಿಸಿದೆ. ಗೊತ್ತಿದ್ದ ಯಾವ ಜಾತಿಗೂ ಹೊಂದಲಿಲ್ಲ. ಹೊಸ ಜಾತಿ ಅಂತ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿದರೆ, ಒಂದೇ ಸಲ ಸಿಕ್ಕಿದ್ದನ್ನು ನಂಬುವುದು ಹೇಗೆ, ಇನ್ನೊಮ್ಮೆ ತೋರಿಸಿ ಅಂದರು. ಉಳಿದ ಆಡುಗಳಲ್ಲಿ ಹುಡುಕಿ ಸೋತು, ಕಡೆಗೆ ಮತ್ತೆ ಆ ಹೋತದ ಮನೆಗೇ ಹೋದೆ.

ಬಕ್ರೀದ್ ಹತ್ತಿರ ಬಂದಿತ್ತು. ಸಾಕಿದಾಕೆ ಒಬ್ಬ ಅಜ್ಜಿ. ಓಣಿಯವರಂತೆ ನಾನೂ ನಾನಿ ಅನ್ನುತ್ತಿದ್ದೆ. ಕೈಯಾರೆ ಸಾಕಿದ್ದನ್ನೇ ಕುರ್ಬಾನಿ ಕೊಡಬೇಕೆಂದು ಅದನ್ನು ಮರಿಯಿಂದ ಜೋಪಾನ ಮಾಡಿದ್ದಳು. ನಾನು ಎರಡನೇ ಸಲ ಬಂದದ್ದು ನೋಡಿ ಮುಖ ಸಣ್ಣದಾಯಿತು. ಬಾಯಲ್ಲಿ ಹೊಸ ಜೀವಿ ಸಿಕ್ಕಿದೆ ಅಂದರೆ, ಅದು ಅಲ್ಲಿ ಮೊದಲಿಂದ ಇದ್ದೀತು, ನಿಮಗಷ್ಟ ಹೊಸಾದು ಅಂದಳು. ನಗಲಿಲ್ಲ. ರೋಗದ ಪ್ರಾಣಿ ಕುರ್ಬಾನಿಗೆ ನಡೆಯುವುದಿಲ್ಲ.

"ಐಬು ಐತೋ ಇಲ್ಲೋ, ಅಷ್ಟ ಹೇಳ್ರಿ ಡಾಕ್ಟರ್ರ. ನೀವು ಅನುಮಾನ ಅಂದ್ರ ನಾ ಇದನ್ನ ಕೊಡಂಗಿಲ್ಲ."

ಅನುಮಾನ ಅಂದುಬಿಟ್ಟರೆ ಸಾಕಿತ್ತು. ಹೋತ ಗೂಟದಲ್ಲೇ ಉಳಿಯುತ್ತಿತ್ತು, ಬೇಕಾದಾಗೆಲ್ಲ ಜೊಲ್ಲು ಸಿಗುತ್ತಿತ್ತು. ಪೂರ್ತಿ ಸುಳ್ಳೂ ಅಲ್ಲ. ಆ ಬ್ಯಾಕ್ಟೀರಿಯಾ ಏನು ಮಾಡುತ್ತದೆಂದು ಯಾರಿಗೆ ಗೊತ್ತು? ತುಟಿ ಎತ್ತಿ ನೋಡಿದೆ, ಹುಣ್ಣಿಲ್ಲ. ಮೈ ಮುಟ್ಟಿದೆ, ಜ್ವರವಿಲ್ಲ. ನಡೆಸಿ ನೋಡಿದೆ, ಕುಂಟಲಿಲ್ಲ. ಅಷ್ಟರಲ್ಲಿ ಅದು ನನ್ನ ಚೀಲದ ಪಟ್ಟಿ ಅಗಿಯಾಕ ಹತ್ತಿತ್ತು.

"ಐಬಿಲ್ಲ, ನಾನಿ."

ಆಕೆ ಉಸಿರು ಬಿಟ್ಟು, ತಾನೇ ಅದರ ಬಾಯಿ ತೆರೆದು ಹಿಡಿದಳು. ಕೊನೆಯ ಸಲ ಕಡ್ಡಿ ಆಡಿಸಿಕೊಂಡು ಬಂದೆ. ಅದರಿಂದ ಮಾಮೂಲಿನವು ಬಿಟ್ಟು ಏನೂ ಬೆಳೆಯಲಿಲ್ಲ. ಮತ್ತೊಮ್ಮೆ ನೋಡೋಣವೆಂದರೆ ಹಬ್ಬ ಮುಗಿದಿತ್ತು. ಮೊದಲ ಸಲ ಸಿಕ್ಕಿದ್ದು ಹೆಸರಿಲ್ಲದೆ ಫ್ರೀಜರಿನಲ್ಲಿದೆ.

ಮುಂದೊಂದು ದಿನ ಆ ಓಣಿಗೆ ಹೋದಾಗ ಅದೇ ಗೂಟಕ್ಕೆ ಹೊಸ ಮರಿ. ನಿಮ್ಮ ಹೊಸಾ ಜೀವಿಗೆ ಹೆಸರಿಟ್ರೇನು ಅಂತ ನಾನಿ ಕೇಳಿದಳು. ಇಲ್ಲ ಅಂದೆ.

"ಹಂಗಾರ ಇದರದೂ ನೋಡ್ರಿ," ಅಂದು ಮರಿಯ ಬಾಯಿ ತೆರೆದಳು.

 ಗೂಟದ ಹತ್ತಿರ ಕುಂತು ಚೀಲ ಬಿಚ್ಚಿ ಕಡ್ಡಿ ಹುಡುಕಿದೆ.