ಅಕ್ಕನ ಕಂಪ್ಯೂಟರ್ ನಾನಾಗಿದ್ದೆ

ಆಗ ನಮ್ಮ ಸಂತೆಮರಹಳ್ಳಿ ಕಡೆ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ನಮ್ಮ ಮನೆಯಲ್ಲಿ ಇತ್ತು. ಅದು ನಾನೇ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗುತ್ತಿತ್ತು, ನಾನಿನ್ನೂ ಏಳನೇ ಕ್ಲಾಸು.

ರತ್ನಕ್ಕ ಚಾಮರಾಜನಗರದ ಒಂದು ಕಂಪ್ಯೂಟರ್ ಸೆಂಟರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಕೋರ್ಸಿನ ಕೊನೆಗೆ ಒಂದು ಕಂಪ್ಯೂಟರ್ ಆಟ ತಾನೇ ಬರೆದು ಓಡಿಸಿ ತೋರಿಸಬೇಕು. ಓಡಿದರೆ ಅಲ್ಲೇ ಕಲಿಸುವ ಕೆಲಸ. ಇಲ್ಲದಿದ್ದರೆ ಅವ್ವನ ಜೊತೆ ರೇಷ್ಮೆ ನೂಲು ತೆಗೆಯಲು ಹೋಗಿ, ಗೂಡು ಬೇಯುವ ಬಿಸಿನೀರಿಗೆ ಕೈ ಇಡಬೇಕು. ಅವ್ವನ ಬೆರಳುಗಳು ಆಗಲೇ ಬಿಳಿಚಿ ಊದಿದ್ದವು.

ಆ ಆಟವನ್ನು ಅಕ್ಕ ಮೊದಲು ಮನೆಯಲ್ಲಿ ನನ್ನ ಮೇಲೇ ಓಡಿಸಿ ನೋಡುತ್ತಿದ್ದಳು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದು ಮನೆ. ಒಂದರಿಂದ ಇಪ್ಪತ್ತೈದರವರೆಗೆ ನಂಬರು. ಅಕ್ಕ ಅವ್ವನ ಹಳೇ ಸೀರೆ ಚೂರಿನಿಂದ ನನ್ನ ಕಣ್ಣು ಕಟ್ಟುತ್ತಿದ್ದಳು. ಅದರ ತುಂಬ ಗೂಡಿನ ವಾಸನೆ.

"ಕಂಪ್ಯೂಟ್ರಿಗೆ ಕಣ್ಣಿಲ್ಲ ಕಣ್ಲಾ. ಹುಣಸೆ ಬೀಜ ಇಟ್ಟು ನಂಬರ್ ಕೂಗ್ತೀನಿ. ಮೂರು ಒಂದೇ ಸಾಲಲ್ ಅವೆಯಾ ಅಂತ ನೀನೇಳು."

ಪಕ್ಕದ ಮನೆಗೆ ಒಂದು ಕೂಡಬೇಕು, ಕೆಳಗಿನ ಮನೆಗೆ ಐದು.

"ಏಳು, ಹನ್ನೆರಡು, ಹದಿನೇಳು."

"ಐದೈದು ಕೂಡ್ತು. ಉದ್ದಕ್ಕೆ ಸಾಲು ಕಣಕ್ಕ!"

ಒಳಗಿನಿಂದ ಅವ್ವ ಕೂಗುತ್ತಿದ್ದಳು: "ಕಂಪ್ಯೂಟ್ರು ಮುದ್ದೆ ಉಂಡದಾ, ಇಲ್ಲ ನಾಯಿಗಾಕ್ಲಾ?"

ಒಂದು ಸಂಜೆ ಅಕ್ಕ "ನಾಕು, ಐದು, ಆರು" ಅಂದಳು. ನಾನು "ಒಂದೊಂದು ಕೂಡ್ತು. ಸಾಲು!" ಅಂದೆ. ಅಕ್ಕ ನನ್ನ ಕಣ್ಣಿನ ಕಟ್ಟು ಬಿಚ್ಚಿದಳು. ನೋಡಿದರೆ, ನಾಲ್ಕೂ ಐದೂ ಮೇಲಿನ ಸಾಲಿನ ಬಲತುದಿಯಲ್ಲಿ, ಆರು ಕೆಳಗಿನ ಸಾಲಿನ ಎಡತುದಿಯಲ್ಲಿ.

"ಕೆಟ್ಟೋಯ್ತು ಕಣ್ಲಾ. ನನ್ನಾಟ ಸುಳ್ಳಾಡ್ತದೆ," ಎಂದು ಅಕ್ಕ ಊಟ ಬಿಟ್ಟಳು.

ಬೆಳಿಗ್ಗೆ ಹೊಲಕ್ಕೆ ಹೋದಾಗ ನನಗೆ ಹೊಳೆಯಿತು. ಓಡಿ ಬಂದೆ. "ಅಕ್ಕ, ಹೊಲಕ್ ಬದು ಇಲ್ವಾ? ಸಾಲಿನ್ ತುದೀಲಿ ಒಂದೊಂದು ಮನೆ ಸುಮ್ನೆ ಬುಡು. ಅದ್ರಲ್ಲಿ ಬೀಜ ಇಕ್ಕಂಗಿಲ್ಲ."

ಅಕ್ಕ ಗೆರೆ ಅಳಿಸಿ ಮತ್ತೆ ಬರೆದಳು. ಆರನೇ ನಂಬರು ಬದುವಿಗೆ ಹೋಯಿತು, ಕೆಳಗಿನ ಸಾಲು ಏಳರಿಂದ ಶುರುವಾಯಿತು. ಕೆಳಗಿನ ಮನೆಗೆ ಇನ್ನು ಆರು ಕೂಡಬೇಕು. ಕಣ್ಣು ಕಟ್ಟಿ ಕೂಗಿದಳು: "ನಾಕು, ಐದು, ಆರು."

"ಆರು ಬದು ಕಣಕ್ಕ. ಸಾಲಿಲ್ಲ!"

ಅಕ್ಕ ನನ್ನ ಕಿವಿ ಹಿಂಡಿ ಬಾಯಿಗೆ ಕಡ್ಲೆಕಾಯಿ ತುರುಕಿದಳು.

ತೋರಿಸುವ ದಿನ ನನ್ನನ್ನೂ ಕರೆದುಕೊಂಡು ಹೋದಳು. ಸೆಂಟರಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಬರೀ ಮೇಜುಗಳು. ಕಂಪ್ಯೂಟರ್ ಇದ್ದ ಜಾಗದಲ್ಲಿ ಮಾತ್ರ ಧೂಳಿಲ್ಲದ ಚೌಕ.

"ಮೊನ್ನೆನೇ ಗಾಡಿಗ್ ತುಂಬ್ಕಂಡು ಹೊಂಟೋದ್ರು ಕಣಮ್ಮಿ," ಅಂದ ಪಕ್ಕದ ಟೀ ಅಂಗಡಿಯವನು.

"ಎಲ್ಲಿಗಣ್ಣ?"

"ಅದ್ಯಾರಿಗ್ ಗೊತ್ತು."

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಮುಂದಿನ ವಾರ ಬಿಸಿನೀರಿಗೆ ಕೈ ಇಟ್ಟಳು. ಅದಾದ ಮೇಲೆ ನಾನೂ ಸ್ಕೂಲು ಬಿಟ್ಟೆ.

ಈಗ ನಾನು ಟೈಲ್ಸ್ ಹಾಕುವವನು. ಬೇಗೂರಿನಿಂದ ಗುಂಡ್ಲುಪೇಟೆವರೆಗೆ ನಾನು ಹಾಕಿದ ನೆಲಗಳಿವೆ, ಯಾವುದರಲ್ಲೂ ಒಂದು ಗೆರೆ ಸೊಟ್ಟಗಿಲ್ಲ. ಹೋದ ವರ್ಷ ಅಕ್ಕನ ಮನೆಗೂ ನಾನೇ ಹಾಕಿದೆ. ಕೆಲಸ ಮುಗಿಸಿ, ಆ ಚೌಕಗಳ ಮುಂದೆ ಕೂತು, ಕಣ್ಣು ಮುಚ್ಚಿ ಕೇಳಿದೆ: "ನಾಕು, ಐದು, ಆರು ಅನ್ನಕ್ಕ."

"ಯಾಕ್ಲಾ? ಏನದು?"

ಕಣ್ಣು ಬಿಟ್ಟೆ. ಅಕ್ಕ ಬಿಳಿಚಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು. ನಿಜವಾಗಿಯೂ ಮರೆತಿದ್ದಳು.

"ಏನಿಲ್ಲ ಬುಡಕ್ಕ," ಅಂದೆ.

ಆ ಆಟ ಓಡಿದ್ದು ಒಂದೇ ಒಂದು ಯಂತ್ರದಲ್ಲಿ. ಆ ಯಂತ್ರಕ್ಕೆ ನಂಬರ್ ಕೂಗುವವರು ಈಗ ಯಾರೂ ಇಲ್ಲ.